ಹುಳುಮನೆಯ ಹೊಸಿಲು

ದಿಬ್ಬೂರಹಳ್ಳಿ ಕಡೆ ಯಾರ ಮನೆಗೆ ಹೊಸ ರೇಷ್ಮೆಹುಳು ಬಂದರೂ ಮೊದಲ ಹಿಡಿ ಹಿಪ್ಪುನೇರಳೆ ಸೊಪ್ಪು ಹಾಕುವುದಕ್ಕೆ ವೆಂಕಟರತ್ನಮ್ಮನನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಅಂಥದ್ದು ಅಂತ ಮಾತು. ಕೈಗುಣವೋ, ಅವಳ ಶುಚಿಯೋ, ಹುಳುವಿನ ಅದೃಷ್ಟವೋ ದೇವರೇ ಬಲ್ಲ. ಅವಳು ಬಂದು, ಕಾಲು ತೊಳೆದು ಒಳಗೆ ಹೋಗಿ, ಸೊಪ್ಪು ಉದುರಿಸಿ ಕೈಮುಗಿದು ಹೊರಗೆ ಬಂದರೆ ಆ ಮನೆಯವರಿಗೆ ಅರ್ಧ ಬೆಳೆ ಕೈಗೆ ಬಂದಷ್ಟು ಧೈರ್ಯ. ಕಾಫಿ ಕೊಡುತ್ತಿದ್ದರು, ಕುಂಕುಮ ಕೊಡುತ್ತಿದ್ದರು. ಅವಳು ಮಾತ್ರ ಏನೂ ಆಗದವಳ ಹಾಗೆ ಸೆರಗು ಸರಿಮಾಡಿಕೊಂಡು ಮನೆಗೆ ಬರುತ್ತಿದ್ದಳು. ಒಳಗೊಳಗೆ ಹಿಗ್ಗು ಇಲ್ಲದೆ ಇರುತ್ತದೆಯೇ? ಬೇಕಾದಷ್ಟಿತ್ತು.

ಇಂಥ ಹೆಂಗಸಿಗೆ ಉಬ್ಬಸ. ಅದೂ ಎಂಥ ಉಬ್ಬಸ ಅಂತೀರಿ! ಹಿಡಿಯಿತೆಂದರೆ ಎದೆಯೊಳಗೆ ಬೆಕ್ಕು ಕೂತು ಗುರುಗುಟ್ಟಿದ ಹಾಗೆ, ಕತ್ತಿನ ನರ ಉಬ್ಬಿ, ಮಾತು ನಿಂತು, ಕಣ್ಣು ಮಾತ್ರ ಎದುರಿಗಿದ್ದವರನ್ನು ಬೇಡುತ್ತಿದ್ದವು. ಹಾಗಾದಾಗ ಬಾಯಿಗಿಟ್ಟು ಎಳೆದುಕೊಳ್ಳಲು ಡಾಕ್ಟರು ಒಂದು ನೀಲಿ ಪಂಪು ಕೊಟ್ಟಿದ್ದರು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅದನ್ನು ಈ ಮಹಾತಾಯಿ ಎಲ್ಲಿಡುತ್ತಿದ್ದಳು? ಹುಳುಮನೆಯ ಹೊರಗೆ, ಚಪ್ಪಲಿ ಬಿಡುವ ಜಾಗದ ಮೇಲೆ, ಕಿಟಕಿಯ ಕಲ್ಲಿನ ಮೇಲೆ. ತಾನು ದಿನವೆಲ್ಲ ಇರುವುದು ಒಳಗೆ, ಉಸಿರು ಸಿಕ್ಕಿಕೊಳ್ಳುವುದು ಒಳಗೆ, ಔಷಧಿ ಮಾತ್ರ ಹೊರಗೆ! ಬಯ್ಯಬೇಕೋ ಅಳಬೇಕೋ ನೀವೇ ಹೇಳಿ.

ಆದರೆ ಅವಳಿಗೆ ಅವಳದೇ ಒಂದು ಕಾರಣವಿತ್ತು. ಅದು ಹುಚ್ಚು ಕಾರಣವೇನಲ್ಲ, ರೇಷ್ಮೆ ಬೆಳೆಯುವವರಿಗೆ ಮಾತ್ರ ಹೊಳೆಯುವಂಥ ಕಾರಣ.

ಅವಳು ಮದುವೆಯಾಗಿ ಬಂದಾಗ ಅತ್ತೆ ಚಿಕ್ಕವೆಂಕಟಮ್ಮ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಹುಳುಮನೆಯನ್ನು. ಹೊಸಿಲ ಮುಂದೆ ನಿಲ್ಲಿಸಿ, ಮುಡಿಯಲ್ಲಿದ್ದ ಮಲ್ಲಿಗೆಯನ್ನು ಕಿತ್ತು ಕೈಗೆ ಕೊಟ್ಟಳಂತೆ.

"ನೋಡಮ್ಮಾ, ಹುಳ ಅಂದ್ರೆ ಬಸುರಿ ಹೆಂಗ್ಸು ಇದ್ದಂಗೆ. ವಾಸನೆ ತಡಿಯಲ್ಲ. ಹೂವ ಮುಡ್ಕೊಂಡು ಬರಂಗಿಲ್ಲ, ಪೌಡ್ರು ಬಳ್ಕೊಂಡು ಬರಂಗಿಲ್ಲ. ನಿನ್ ಗಂಡ ಬೀಡಿ ಸೇದಿ ಬಂದ್ರೆ ಬಾಗ್ಲಲ್ಲೇ ತಡೀಬೇಕು. ಈ ಹೊಸಿಲು ದಾಟಿ ಯಾವ ಗಾಳಿನೂ ಒಳಕ್ಕೆ ಬರಬಾರ್ದು, ತಿಳೀತಾ?"

"ತಿಳೀತು ಅತ್ತೆ."

ತಿಳಿದದ್ದು ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಅತ್ತೆ ಸತ್ತು ಹೋದ ಮೇಲೂ ಅವಳು ಆ ಹೊಸಿಲಲ್ಲಿ ಒಂದು ಕ್ಷಣ ನಿಂತು ತನ್ನ ಸೆರಗನ್ನು ತಾನೇ ಮೂಸಿ ನೋಡಿಕೊಂಡು ಒಳಗೆ ಹೋಗುತ್ತಿದ್ದಳು. ಈರುಳ್ಳಿ ಒಗ್ಗರಣೆ ಹಾಕಿದ ದಿನ ಸೀರೆ ಬದಲಾಯಿಸುತ್ತಿದ್ದಳು.

ಉಬ್ಬಸ ಶುರುವಾದದ್ದು ನಲವತ್ತರ ಆಸುಪಾಸಿನಲ್ಲಿ. ಹುಳು ಜ್ವರಕ್ಕೆ ಕೂತಾಗ, ಅಂದರೆ ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗಿದಾಗ, ಮೇಲೆ ಸುಣ್ಣದ ಪುಡಿ ಉದುರಿಸುತ್ತಾರಲ್ಲ, ಆಗ ಕೆಮ್ಮು ಬರುತ್ತಿತ್ತು. ಗೂಡು ಬಿಡಿಸುವಾಗ ಏಳುವ ನವಿರು ದೂಳಿಗೆ ಎದೆ ಬಿಗಿಯುತ್ತಿತ್ತು. ಶೀತ ಅಂದಳು. ಕಷಾಯ ಕುಡಿದಳು. ಎದೆಗೆ ಎಣ್ಣೆ ತಿಕ್ಕಿಸಿಕೊಂಡಳು. ಯಾರಾದರೂ "ಏನ್ ರತ್ನಕ್ಕಾ, ದಮ್ಮಾ?" ಅಂದರೆ ಮುಖ ಸಿಂಡರಿಸಿ, "ದಮ್ಮು ಗಿಮ್ಮು ಏನಿಲ್ಲಪ್ಪ, ನೆನ್ನೆ ಮೊಸರು ತಿಂದಿದ್ದೆ" ಅನ್ನುತ್ತಿದ್ದಳು. ದಮ್ಮಿನವಳು ಅಂತ ಹೆಸರಾದರೆ ನಾಳೆ ಯಾರು ಮೊದಲ ಸೊಪ್ಪಿಗೆ ಕರೆಯುತ್ತಾರೆ? ರೋಗದ ಕೈ ಹುಳಕ್ಕೆ ಆಗುವುದಿಲ್ಲ ಎಂದುಬಿಟ್ಟರೆ? ಈ ಭಯ ಅವಳಿಗೆ ಉಬ್ಬಸಕ್ಕಿಂತ ದೊಡ್ಡದು.

ಕೊನೆಗೆ ಸೊಸೆ ಸೌಜನ್ಯ ಬಂದ ಮೇಲೆ, ಅವಳ ಕಾಟ ತಡೆಯಲಾರದೆ ಚಿಕ್ಕಬಳ್ಳಾಪುರದ ಡಾಕ್ಟರಲ್ಲಿಗೆ ಹೋದದ್ದು. ಸೌಜನ್ಯ ಶಿಡ್ಲಘಟ್ಟದಲ್ಲಿ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದಳು, ಗಂಡ ಮುರಳಿಮೋಹನ್ ಗೌರಿಬಿದನೂರಿನ ಕಾರ್ಖಾನೆಯಲ್ಲಿ, ವಾರಕ್ಕೊಮ್ಮೆ ಬರುವವನು. ಮಗನಿಗಿಂತ ಸೊಸೆಯೇ ಬಾಯಿ ಮಾಡುವವಳು. ಡಾಕ್ಟರು ಊದಿಸಿ ನೋಡಿ, ಎರಡು ಪಂಪು ಬರೆದುಕೊಟ್ಟರು. ಕಂದು ಬಣ್ಣದ್ದು ದಿನಾ ಬೆಳಿಗ್ಗೆ ಸಂಜೆ, ಚೆನ್ನಾಗಿದ್ದರೂ ಬಿಡದೆ. ನೀಲಿಯದು ಉಸಿರು ಹಿಡಿದಾಗ.

"ಹುಳು ಸಾಕೋದು ಬಿಡೋಕಾಗುತ್ತಾ ಅಮ್ಮ?" ಅಂದರು.

ವೆಂಕಟರತ್ನಮ್ಮ ನಕ್ಕೇಬಿಟ್ಟಳು. "ಬಿಟ್ಟು ಏನ್ ಮಾಡ್ಲಿ ಸಾರ್, ಟೀವಿ ನೋಡ್ಲಾ?"

ಒಂದಷ್ಟು ದಿನ ಎರಡನ್ನೂ ಸರಿಯಾಗಿ ತೆಗೆದುಕೊಂಡಳು. ಎದೆ ಹಗುರವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಅಯ್ಯೋ, ಹಾಗೇ ಮುಂದುವರಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತ್ತು. ಅಬ್ಬರಿಸಿ ಸೊಪ್ಪು ತಿನ್ನುವ ಹೊತ್ತು. ವೆಂಕಟರತ್ನಮ್ಮ ಒಬ್ಬಳೇ ಹುಳುವಿನ ಹಾಸಿಗೆ ಸರಿಮಾಡುತ್ತಿದ್ದಾಗ ಉಸಿರು ಹಿಡಿಯಿತು. ಸೊಂಟದಲ್ಲಿದ್ದ ನೀಲಿ ಪಂಪು ತೆಗೆದು, ಅಲ್ಲೇ ನಿಂತು ಎಳೆದಳು. ಮೊದಲನೆಯದು ಬಾಯಿಗೆ ಸರಿಯಾಗಿ ಹೋಗದೆ ಬುಸ್ಸೆಂದು ಹುಳುವಿನ ಮೇಲೆ ಹೊಗೆಯಂತೆ ಹರಡಿತು. ಎರಡನೆಯದು ಒಳಗೆ ಹೋಯಿತು. ಉಸಿರು ಬಂತು. ಕೆಲಸ ಮುಂದುವರಿಸಿದಳು.

ಮಾರನೆಯ ದಿನ ಹುಳು ತಲೆ ಒದರಲು ಶುರುಮಾಡಿದವು. ಬಾಯಿಂದ ಹಸಿರು ನೀರು ಕಾರಿ, ನುಲಿದು, ಒಂದರ ಮೇಲೊಂದು ಬಿದ್ದವು. ಸಂಜೆಯ ಹೊತ್ತಿಗೆ ಹುಳುತಟ್ಟೆಗಳ ಸ್ಟ್ಯಾಂಡಿನ ಮೇಲಿಂದ ಕೆಳಗಿನವರೆಗೆ ಎಲ್ಲ ಸತ್ತಿದ್ದವು. ಗಂಡ ಗಂಗರಾಜು ತೋಟದ ಮೂಲೆಯಲ್ಲಿ ಗುಂಡಿ ತೆಗೆದ. ಬುಟ್ಟಿ ಬುಟ್ಟಿ ಹೊತ್ತು ಸುರಿದರು. ಮಣ್ಣು ಎಳೆಯುವಾಗ ಅವನೂ ತಲೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಅವಳಿಗೆ ಗೊತ್ತಾಗಿಹೋಗಿತ್ತು. ಗ್ಯಾಸು. ತಾನು ಹೊಡೆದ ಗ್ಯಾಸು. ಮಲ್ಲಿಗೆ ವಾಸನೆ ತಡೆಯದ ಜೀವಗಳ ಮೇಲೆ ಔಷಧಿ ಹೊಡೆದುಬಿಟ್ಟೆನಲ್ಲ! ಅತ್ತೆ ಹೇಳಿದ್ದ ಒಂದೇ ಒಂದು ಮಾತು. ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ದೇವರ ಮುಂದೆ ದೀಪ ಹಚ್ಚಿ, ಇನ್ನು ಆ ಹೊಸಿಲು ದಾಟಿ ಪಂಪು ತರುವುದಿಲ್ಲ ಅಂತ ಕೆನ್ನೆ ಕೆನ್ನೆ ಬಡಿದುಕೊಂಡಳು.

ಅಷ್ಟಕ್ಕೇ ನಿಂತಿದ್ದರೂ ಬದುಕಿಕೊಳ್ಳುತ್ತಿದ್ದಳೇನೋ. ಆದರೆ ಭಯಕ್ಕೆ ಒಮ್ಮೆ ಜಾಗ ಕೊಟ್ಟರೆ ಅದು ಮನೆಯೆಲ್ಲ ಹಬ್ಬುತ್ತದೆ. ಬೆಳಿಗ್ಗೆ ಕಂದು ಪಂಪು ಎಳೆದುಕೊಂಡು ಒಳಗೆ ಹೋದರೆ ಬಿಡುವ ಉಸಿರಲ್ಲೂ ಔಷಧಿ ಇರುತ್ತದಲ್ಲವೇ ಅನ್ನಿಸಿತು. ಅದನ್ನೂ ಬಿಟ್ಟಳು. ಹುಳು ಮನೆಯಲ್ಲಿರುವಷ್ಟು ದಿನ ಅದನ್ನು ಮುಟ್ಟುತ್ತಿರಲಿಲ್ಲ. ಬೆಳೆ ಮುಗಿದ ಮೇಲೆ, ಆಗಲೇ ಚೆನ್ನಾಗಿದ್ದೇನಲ್ಲ, ಇನ್ನು ಯಾಕೆ ಅಂತ ಮುಟ್ಟುತ್ತಿರಲಿಲ್ಲ. ಮುಂದಿನ ಬೆಳೆ ಚೆನ್ನಾಗಿ ಬಂತು. ಅದರ ಮುಂದಿನದೂ ಬಂತು. ಒಂದೊಂದು ಒಳ್ಳೆಯ ಬೆಳೆಯೂ ಅವಳಿಗೆ ಒಂದೊಂದು ಸಾಕ್ಷಿ. ನೋಡು, ಪಂಪು ಇಲ್ಲದಿದ್ದರೆ ಹುಳು ಬದುಕುತ್ತವೆ.

ಹೀಗೆ ಮೂರು ವರ್ಷ. ಉಸಿರು ಹಿಡಿದಾಗ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಕಿಟಕಿ ಕಲ್ಲಿನ ಮೇಲಿದ್ದ ನೀಲಿ ಪಂಪು ಎಳೆದು, ಬಾಯಿ ಮುಕ್ಕಳಿಸಿ, ಕೈ ತೊಳೆದು, ಮೈಮೇಲಿನ ಗಾಳಿ ಆರಲೆಂದು ಬಿಸಿಲಲ್ಲಿ ಕೂತು ಆಮೇಲೆ ಒಳಗೆ ಹೋಗುತ್ತಿದ್ದಳು. ಒಂದೊಂದು ಸಲ ಹೊರಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಅದನ್ನೂ ಯಾರಿಗೂ ಹೇಳಲಿಲ್ಲ.

ಸೌಜನ್ಯ ಒಂದು ಭಾನುವಾರ ಬೀರು ಒರೆಸುವಾಗ ಸೀಲು ಒಡೆಯದ ಕಂದು ಪಂಪುಗಳ ಪೆಟ್ಟಿಗೆ ಸಿಕ್ಕಿತು.

"ಅತ್ತೇ! ಇದೇನಿದು? ನಾನು ತಂದಿಟ್ಟಿದ್ದೆಲ್ಲ ಹಂಗೇ ಇದೆ! ಡೇಟೇ ಮುಗಿದುಹೋಗಿದೆ!"

"ಅಭ್ಯಾಸ ಆಗ್ಬಿಡುತ್ತೆ ಕಣಮ್ಮ. ಒಂದ್ಸಲ ಹಿಡ್ಕೊಂಡ್ರೆ ಬಿಡಕ್ಕಾಗಲ್ಲಂತೆ."

"ಊಟ ಬಿಡೋಕಾಗುತ್ತಾ? ಅದೂ ಅಭ್ಯಾಸಾನೇ. ಯಾರು ಹೇಳಿದ್ದು ನಿಮ್ಗೆ ಇದೆಲ್ಲ? ನಿಜ ಹೇಳಿ, ಯಾಕೆ ತಗೊಳ್ತಿಲ್ಲ?"

"ಚೆನ್ನಾಗೇ ಇದ್ದೀನಲ್ಲೇ ತಾಯಿ. ಬೆಳಿಗ್ಗೆ ಬೆಳಿಗ್ಗೆ ತಲೆ ತಿನ್ಬೇಡ."

ನಿಜ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಓದಿದ ಹುಡುಗಿ ಅಲ್ಲೇ ನಕ್ಕು ಭೂತ ಬಿಡಿಸುತ್ತಿದ್ದಳು. ಆದರೆ ಮನೆಯ ಬೆಳೆಯನ್ನೇ ಕೊಂದವಳು ನಾನು ಅಂತ ಸೊಸೆಯ ಮುಂದೆ ಯಾವ ಅತ್ತೆ ಹೇಳಿಯಾಳು? ನುಂಗಿಕೊಂಡಳು.

ಹೋದ ವರ್ಷ ಚಳಿಗಾಲದಲ್ಲಿ ಗೂಡು ಬಿಡಿಸುತ್ತಾ ಬಿಡಿಸುತ್ತಾ ಕುಸಿದಳು. ಆವತ್ತು ಮನೆಯಲ್ಲಿ ಎಲ್ಲರೂ ಇದ್ದದ್ದು ಪುಣ್ಯ. ಬಾಡಿಗೆ ಕಾರಿಗೆ ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಓಡಿದರು. ಮುಖಕ್ಕೆ ಮಾಸ್ಕು, ಕೈಗೆ ಸೂಜಿ. ಮೂರನೇ ದಿನ ಮಾತು ಬಂತು. ಮಧ್ಯಾಹ್ನ, ಸೌಜನ್ಯ ಮಾತ್ರೆ ತರಲು ಕೆಳಗೆ ಹೋಗಿದ್ದಳು. ಗಂಗರಾಜು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ. ಸಾಯುತ್ತೇನೆ ಅಂತಲೇ ಅಂದುಕೊಂಡಿದ್ದ ವೆಂಕಟರತ್ನಮ್ಮ ಮಾಸ್ಕು ಸರಿಸಿದಳು.

"ಏನೂಂದ್ರೆ... ಒಂದು ಮಾತು ಹೇಳ್ಬೇಕು. ಬೈಕೊಬೇಡಿ."

"ಸುಮ್ನೆ ಮಲಕ್ಕೋ."

"ಆ ಬೆಳೆ ಹೋಯ್ತಲ್ಲ... ಗುಂಡಿಗೆ ಹಾಕಿದ್ವಲ್ಲ... ಅದು ನಾನೇ ಕೊಂದಿದ್ದು. ಒಳಗೆ ಪಂಪು ಹೊಡ್ಕೊಂಡೆ. ಆ ಗ್ಯಾಸು ಹುಳದ ಮೇಲೆ ಬಿತ್ತು."

ಗಂಗರಾಜುವಿನ ಕೈ ನಿಂತಿತು. ಹಣ್ಣನ್ನು ಕಿಟಕಿಯ ಮೇಲಿಟ್ಟ.

"ಅದಕ್ಕೇನಾ ನೀನು ಪಂಪು ಹೊರಗಿಡ್ತಿದ್ದಿದ್ದು?"

"ಹೂಂ."

"ರತ್ನಾ... ನೀನಲ್ಲ ಕಣೇ. ಸೊಪ್ಪು. ಪಕ್ಕದ ತೋಟದ ಕೊಂಡಪ್ಪ ತನ್ನ ದ್ರಾಕ್ಷಿಗೆ ಔಷಧಿ ಹೊಡೆದಿದ್ದ. ಗಾಳಿ ನಮ್ ಕಡೀಗೇ ಇತ್ತು. 'ಗಂಗಣ್ಣಾ, ಬೇಲಿ ಪಕ್ಕದ ಸಾಲು ಸದ್ಯಕ್ಕೆ ಕೊಯ್ಬೇಡಪ್ಪೋ' ಅಂತ ಕೂಗಿ ಹೇಳಿದ್ದ. ನಾನು ಹೂಂ ಅಂದಿದ್ದೆ. ಆವತ್ತು ಕರೆಂಟು ಇರ್ಲಿಲ್ಲ, ನೀರು ಬಿಡಕ್ಕಾಗದೆ ಮಿಕ್ಕ ಕಡೆ ಸೊಪ್ಪು ಬಾಡ್ತಿತ್ತು. ಬೇಲಿ ಪಕ್ಕದ್ದು ಹಸಿರಾಗಿತ್ತು. ಮರೆತು ಕೊಯ್ದ್ನೋ, ಏನಾಗಲ್ಲ ಬಿಡು ಅಂತ ಕೊಯ್ದ್ನೋ... ಕೊಯ್ದೆ."

ವೆಂಕಟರತ್ನಮ್ಮ ಗಂಡನನ್ನೇ ನೋಡುತ್ತಿದ್ದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಅಂತ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಇಳಿಯಲಿಲ್ಲ. ಬದಲಿಗೆ ಸಿಟ್ಟು ಬಂತು. ಮೂರು ವರ್ಷ. ಗೋಡೆ ಹಿಡಿದುಕೊಂಡು ತೆವಳಿದ ಅಷ್ಟೂ ಸಲ.

"ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಮಾಸ್ಕು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಹಿಂದಿನಿಂದ ಗಂಡನ ಸಣ್ಣ ದನಿ ಕೇಳಿತು.

"ಯಾರ್ಗೂ ಹೇಳ್ಬೇಡ ಕಣೇ. ಕೊಂಡಪ್ಪ ಹೇಳಿಯೂ ಕೊಯ್ದ ಅಂದ್ರೆ ಊರಲ್ಲಿ ನಗ್ತಾರೆ. ಸೌಜನ್ಯಂಗೂ ಹೇಳ್ಬೇಡ."

ನೋಡಿ ಈ ಗಂಡಸನ್ನು! ಕೆಟ್ಟವನಲ್ಲ. ಮೂರು ದಿನದಿಂದ ಆಸ್ಪತ್ರೆಯ ನೆಲದಲ್ಲಿ ಮಲಗಿದ್ದವನು, ಹೆಂಡತಿಯ ಕಾಲು ಒತ್ತಿದವನು. ಆದರೂ ಮಾನದ ಪ್ರಶ್ನೆ ಬಂದರೆ ಅಷ್ಟೇ. ಅವಳು ತಾನೇ ಬೇರೆ ಏನು ಮಾಡಿದ್ದಳು? ಗಂಡ ಹೆಂಡತಿ ಇಬ್ಬರೂ ಒಂದೇ ಮಣ್ಣಿನವರು. ಅವಳು ಯಾರಿಗೂ ಹೇಳಲಿಲ್ಲ.

ಬಿಡುಗಡೆಯ ದಿನ ಡಾಕ್ಟರು ಮೃದುವಾಗಿಯೇ ಹೇಳಿದರು. ಶ್ವಾಸನಾಳ ಇಷ್ಟು ವರ್ಷ ಊದಿಕೊಂಡೇ ಇದ್ದು ದಪ್ಪಗಾಗಿದೆ, ಮೊದಲಿನಂತೆ ಆಗುವುದಿಲ್ಲ. ಇನ್ನೊಂದು ಸಲ ಹೀಗಾದರೆ ಇಲ್ಲಿಯವರೆಗೆ ಬರುವುದೇ ಅನುಮಾನ. ಹುಳುಮನೆಗೆ ಹೋಗಲೇಬೇಡಿ.

"ಇನ್ಮೇಲೆ ಹುಳ ಬೇಡ ಮಾವ," ಅಂದಳು ಸೌಜನ್ಯ ಬಸ್ಸಿನಲ್ಲೇ.

ಗಂಗರಾಜು ಹೂಂಗುಟ್ಟಿದ. ಬೇಸಿಗೆ ಕಳೆಯಿತು. ಹುಳುಮನೆ ಖಾಲಿ ನಿಂತಿತು. ವೆಂಕಟರತ್ನಮ್ಮ ದಿನಾ ಕಂದು ಪಂಪು ಎಳೆದುಕೊಳ್ಳುತ್ತಿದ್ದಳು, ಸೊಸೆ ಎದುರಿಗೆ ನಿಂತು ನೋಡುತ್ತಿದ್ದಳು. ಮೈ ಸ್ವಲ್ಪ ಕೂಡಿಕೊಂಡಿತು. ಮನಸ್ಸು ಮಾತ್ರ ಕುಸಿಯುತ್ತಾ ಹೋಯಿತು. ಪಕ್ಕದ ಬೀದಿಯ ಮಂಗಮ್ಮನ ಮನೆಗೆ ಹುಳು ಬಂತು, ಮೊದಲ ಸೊಪ್ಪಿಗೆ ಅವಳನ್ನು ಕರೆಯಲಿಲ್ಲ. "ನಿಂಗೆ ಹುಷಾರಿಲ್ವಲ್ಲ ರತ್ನಕ್ಕಾ, ಅದಕ್ಕೇ" ಅಂದಳು ಮಂಗಮ್ಮ ಆಮೇಲೆ. ನಿಜಕ್ಕೂ ಅದಕ್ಕೇ ಇರಬಹುದು. ವೆಂಕಟರತ್ನಮ್ಮ ಮನೆಗೆ ಬಂದು, ಹಿತ್ತಲ ಬಾಗಿಲು ಹಾಕಿಕೊಂಡು ಅತ್ತಳು. ಟೀವಿ ಮುಂದೆ ಕೂತರೆ ಕೈ ತಾನಾಗಿ ಸೊಪ್ಪು ಉದುರಿಸುವಂತೆ ಆಡುತ್ತಿತ್ತು. ಹುಳು ಇಲ್ಲದ ತಾನು ಯಾರು ಅಂತ ಅವಳಿಗೆ ತಿಳಿಯಲೇ ಇಲ್ಲ.

"ಒಂದೇ ಒಂದು ಬೆಳೆ ಮಾಡಣ," ಅಂದಳು ಗಂಡನಿಗೆ, ಮುಂಗಾರು ಶುರುವಾದಾಗ. "ಸೊಪ್ಪು ಬಲಿತು ಹಾಳಾಗ್ತಿದೆ. ಈಗ ಪಂಪು ಒಳಕ್ಕೆ ತಗೊಂಡೋಗ್ಬೋದಲ್ಲ. ಇನ್ನೇನು ಭಯ?"

ಗಂಗರಾಜು ಬೇಡ ಅನ್ನಬೇಕಿತ್ತು. ತೋಟದ ಕಡೆ ನೋಡಿ, "ನಿನ್ನಿಷ್ಟ" ಅಂದ.

ಸೌಜನ್ಯ ಕೂಗಾಡಿದಳು, ಊಟ ಬಿಟ್ಟಳು, ಕೊನೆಗೆ ಸೋತು ಹಳೆಯ ರವಿಕೆ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು ಅತ್ತೆಯ ಸೊಂಟಕ್ಕೆ ತಾನೇ ಕಟ್ಟಿದಳು. ನೀಲಿ ಪಂಪು ಅದರೊಳಗೆ.

"ಇದು ನಿಮ್ ಮೈಮೇಲಿಂದ ಇಳೀಬಾರ್ದು ಅತ್ತೆ. ನನ್ ಮೇಲಾಣೆ."

"ಆಯ್ತು ತಾಯಿ, ಇಳಿಸಲ್ಲ."

ಇಳಿಸಲಿಲ್ಲ. ಆ ಮಾತಿಗೆ ಅವಳು ತಪ್ಪಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಸಿಲಲ್ಲಿ ನಿಂತಳು. ಸೊಂಟ ಮುಟ್ಟಿ ನೋಡಿಕೊಂಡು ಒಳಗೆ ಹೋದಳು. ಹುಳು ಚೆನ್ನಾಗಿ ಏಳುತ್ತಿದ್ದವು. ಒಂದೊಂದು ಸಲ ಎದೆ ಬಿಗಿದರೂ ಹೊರಗೆ ಬಂದು ಎಳೆದುಕೊಳ್ಳುತ್ತಿದ್ದಳು. ಒಳಗೇ ಯಾಕೆ ಎಳೆಯಬಾರದು ಅಂತ ಸೌಜನ್ಯ ಕೇಳಿದರೆ, "ಎಲ್ಲಾದ್ರೇನಮ್ಮ, ಎಳ್ಕೊಂಡ್ರೆ ಸಾಕಲ್ಲ" ಅನ್ನುತ್ತಿದ್ದಳು. ನೀನಲ್ಲ, ಸೊಪ್ಪು ಅಂತ ಗಂಡ ಹೇಳಿದ್ದು ತಲೆಗೆ ಚೆನ್ನಾಗಿ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

ಹುಳು ಹಣ್ಣಾದ ದಿನ. ಮೈ ಹೊನ್ನಿನ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತಿದ್ದವು. ಬೇಗ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಚಂದ್ರಿಕೆ ಸಾಲದೆ ಗಂಗರಾಜು ಮಂಗಮ್ಮನ ಮನೆಗೆ ಕೇಳಲು ಹೋಗಿದ್ದ. ಸೌಜನ್ಯ ಕೆಲಸಕ್ಕೆ ಹೋಗಿದ್ದಳು. ಹೊರಗೆ ಬೆಳಗಿನ ಬಿಸಿಲು.

ಉಸಿರು ಒಮ್ಮೆಲೇ ಹಿಡಿಯಿತು. ಮುನ್ಸೂಚನೆಯೇ ಇಲ್ಲ. ಗಂಟಲು ಕಟ್ಟಿಹೋಯಿತು. ವೆಂಕಟರತ್ನಮ್ಮ ಸೊಂಟದ ಚೀಲಕ್ಕೆ ಕೈ ಹಾಕಿ ಪಂಪು ತೆಗೆದಳು. ಮುಷ್ಟಿಯಲ್ಲಿ ಹಿಡಿದಳು. ಬಾಯಿ ಒಂದು ಗೇಣು ದೂರ. ಎದುರಿಗೆ ಸ್ಟ್ಯಾಂಡಿನ ತುಂಬ ಹುಳು, ಎಲ್ಲವೂ ತಲೆ ಎತ್ತಿ ಆಡಿಸುತ್ತಿದ್ದವು. ಆವತ್ತು ಸಾಯುವ ಹುಳುಗಳು ಆಡಿಸಿದ ಹಾಗೆಯೇ.

ನೀನಲ್ಲ ಕಣೇ, ಸೊಪ್ಪು.

ಗೊತ್ತು. ಗೊತ್ತು. ಆದರೂ ಕಾಲು ಬಾಗಿಲ ಕಡೆ ತಿರುಗಿತು. ಸ್ವಲ್ಪ ಅಷ್ಟೇ, ಹೊರಗೆ ಹೋಗಿಬಿಟ್ಟರೆ ಆಯಿತು, ಅಲ್ಲಿ ಎಳೆದುಕೊಳ್ಳುತ್ತೇನೆ. ಗೋಡೆ ಹಿಡಿದಳು. ಬಾಗಿಲ ಬೆಳಕು ಕಾಣುತ್ತಿತ್ತು, ಆಮೇಲೆ ಮಸುಕಾಯಿತು. ಒಂದು ಕಾಲು ಹೊಸಿಲು ದಾಟಿತು.

ಗಂಗರಾಜು ಚಂದ್ರಿಕೆ ಹೊತ್ತು ಬಂದಾಗ ಅವಳು ಹೊಸಿಲ ಹೊರಗೆ, ಚಪ್ಪಲಿಗಳ ಮೇಲೆ ಮುಖ ಮಾಡಿ ಬಿದ್ದಿದ್ದಳು. ಪಂಪು ಬಲಗೈಯಲ್ಲೇ ಇತ್ತು. ಮುಚ್ಚಳ ತೆಗೆದಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಹುಳು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಅಕ್ಕಪಕ್ಕದವರೇ ಸೇರಿ ಚಂದ್ರಿಕೆಗೆ ಬಿಟ್ಟಿದ್ದರು. ಗೂಡು ಬೆಳ್ಳಗೆ, ಗಟ್ಟಿಯಾಗಿ ಕಟ್ಟುತ್ತಿದ್ದವು. ಮಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಂಥ ಪುಣ್ಯಾತ್ಗಿತ್ತಿ! ಪ್ರಾಣ ಹೋಗೋವಾಗ್ಲೂ ಹುಳಕ್ಕೆ ಏನೂ ತಟ್ಟಬಾರ್ದು ಅಂತ ಹೊರಕ್ಕೆ ಬಂದು ಹೋದ್ಲು ನೋಡು. ಅಂಥ ಕೈ ಇನ್ನು ಹುಟ್ಟಲ್ಲ ಬಿಡ್ರಮ್ಮ."

"ಹೂಂ ಕಣಕ್ಕಾ, ನಿಜ," ಅಂದರು ಉಳಿದವರು.

ಸೌಜನ್ಯ ಎದ್ದು ಹೊರಗೆ ಬಂದಳು. ಗಂಗರಾಜು ಜಗಲಿಯ ತುದಿಯಲ್ಲಿ ಒಬ್ಬನೇ ಕೂತಿದ್ದ. ಅವಳ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ತಾನು ಹೊಲಿದ ಚೀಲವಿತ್ತು.

"ಮಾವ, ಪಂಪು ಕೈಯಲ್ಲೇ ಇತ್ತಲ್ಲ. ಅಲ್ಲೇ ಎಳ್ಕೊಂಡಿದ್ರೆ ಬದುಕ್ತಿದ್ರು. ಯಾಕೆ ಹೊರಗಡೆ ಬಂದ್ರು? ನಂಗೆ ಅದೊಂದು ಅರ್ಥ ಆಗ್ತಿಲ್ಲ. ನಿಮ್ಗೇನಾದ್ರೂ ಹೇಳಿದ್ರಾ?"

ಗಂಗರಾಜು ಸೊಸೆಯ ಮುಖ ನೋಡಿದ. ಬೇಲಿಯಾಚೆ ಕೊಂಡಪ್ಪನ ದ್ರಾಕ್ಷಿ ಚಪ್ಪರ ಕಾಣುತ್ತಿತ್ತು, ಅದನ್ನೂ ನೋಡಿದ.

"ಇಲ್ಲ ಕಣಮ್ಮ," ಅಂದ. "ಏನೂ ಹೇಳ್ಲಿಲ್ಲ."